ಹೂರಣ ತುಂಬಿದ ಅಂಟಕ್ಕಿ ಉಂಡೆ ಕುದಿನೀರಿನಲ್ಲಿ ಬಿಚ್ಚಿಕೊಳ್ಳುವುದೇಕೆ?

ಪ್ರಶ್ನೆ: ನಿವೃತ್ತ ಗುಮಾಸ್ತ, ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ.

ಎರಡು ವರ್ಷದ ಹಿಂದೆ ಮಗನ ಮನೆಗೆಂದು ನಾವಿಬ್ಬರೂ ಸಿಂಗಪುರಕ್ಕೆ ಹೋಗಿದ್ದಾಗ, ಡಿಸೆಂಬರ್ ಮೂರನೆಯ ವಾರದಲ್ಲಿ ಎದುರು ಮನೆಯ ಚೀನೀ ಅಜ್ಜಿಯೊಬ್ಬರು ಒಂದು ಬಟ್ಟಲು ಸಿಹಿ ತಂದುಕೊಟ್ಟರು. ಶುಂಠಿಯ ಘಾಟಿದ್ದ ತೆಳು ಸಕ್ಕರೆ ನೀರಿನಲ್ಲಿ ಬೆಟ್ಟದ ನೆಲ್ಲಿಕಾಯಿ ಗಾತ್ರದ ಹಾಲುಬಿಳುಪಿನ ಉಂಡೆಗಳು ತೇಲುತ್ತಿದ್ದವು. ಕಚ್ಚಿದರೆ ಹೊರಪದರ ರಬ್ಬರಿನಂತೆ ಹಿಗ್ಗಿ, ಒಳಗಿನಿಂದ ಕರಿ ಎಳ್ಳಿನ ಹೂರಣ ಜೇನಿನ ಹಾಗೆ ಇಳಿಯುತ್ತಿತ್ತು. ಅದರ ಹೆಸರು ತಾಂಗ್‌ಯುವಾನ್ ಎಂದೂ, ವರ್ಷದಲ್ಲಿ ಹಗಲು ಅತಿ ಚಿಕ್ಕದಾಗಿರುವ ದಿನ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಅದನ್ನು ತಿನ್ನುವುದು ವಾಡಿಕೆಯೆಂದೂ ಮಗ ತಿಳಿಸಿದ. ಈ ಡಿಸೆಂಬರಿನಲ್ಲಿ ಅವರೆಲ್ಲ ಮೈಸೂರಿಗೆ ಬರುವವರಿದ್ದಾರೆ. ಏಳು ವರ್ಷದ ಮೊಮ್ಮಗ ಫೋನಿನಲ್ಲಿ ಮಾತನಾಡಿದಾಗಲೆಲ್ಲ "ತಾತ, ಅಲ್ಲಿ ಅದು ಸಿಗತ್ತಾ?" ಎಂದು ಕೇಳುತ್ತಾನೆ. ಸಿಗುವುದಿಲ್ಲ, ಆದರೆ ಮಾಡೋಣ ಎಂದು ಮಾತು ಕೊಟ್ಟುಬಿಟ್ಟಿದ್ದೇನೆ.

ಇಲ್ಲಿಯವರೆಗೆ ಎರಡು ಸಲ ಪ್ರಯತ್ನಿಸಿ ಎರಡು ಸಲವೂ ಸೋತಿದ್ದೇವೆ. ಮೊದಲ ಸಲ ನನ್ನ ಶ್ರೀಮತಿ ಇದನ್ನು ಕಡುಬಿನ ಹಾಗೆಯೇ ಎಂದು ಭಾವಿಸಿ, ಎಸರಿಟ್ಟು ಚಿಟಿಕೆ ಉಪ್ಪು ಹಾಕಿ, ನಾವು ತಿನ್ನುವ ಸೋನಾ ಮಸೂರಿಯ ಹಿಟ್ಟನ್ನೇ ತೊಳೆಸಿ, ನಾದಿ, ಹೂರಣ ತುಂಬಿದಳು. ನೀರಿಗೆ ಬಿಟ್ಟ ಕೂಡಲೇ ಉಂಡೆಗಳೆಲ್ಲ ಹೋಳಾಗಿ ಗಂಜಿಯಾಯಿತು. ಎರಡನೆಯ ಸಲ ಅಂಟಕ್ಕಿ ಹಿಟ್ಟು ಎಂದು ಚೀಟಿ ಅಂಟಿಸಿದ್ದ ಅರ್ಧ ಕಿಲೋ ಪೊಟ್ಟಣವೊಂದನ್ನು ಹುಡುಕಿ ತಂದು, ತಣ್ಣೀರಿನಲ್ಲಿ ಕಲಸಿ, ಎಳ್ಳು, ಬೆಲ್ಲ ಮತ್ತು ಕರಗಿಸಿದ ತುಪ್ಪದ ಹೂರಣವಿಟ್ಟು 16 ಉಂಡೆ ಕಟ್ಟಿದೆವು. ಅವುಗಳಲ್ಲಿ 11 ಬಾಯಿ ಬಿಟ್ಟು, ಪಾತ್ರೆಯ ನೀರು ಇದ್ದಿಲು ಕಲಸಿದಂತೆ ಕಪ್ಪಾಯಿತು. ಉಳಿದ ಐದು ಹೇಗೋ ಬೆಂದವು, ಆದರೆ ಬೈಗಿಗೆ ನೋಡಿದರೆ ಕಲ್ಲಿನಂತೆ ಗಟ್ಟಿಯಾಗಿದ್ದವು. ಸಿಂಗಪುರದಲ್ಲಿ ತಿಂದ ಉಂಡೆ ಆರಿದ ಮೇಲೂ ಮೆತ್ತಗೇ ಇತ್ತೆಂಬುದು ನನಗೆ ಚೆನ್ನಾಗಿ ನೆನಪಿದೆ.

ಹಿಟ್ಟಿನಲ್ಲಿ ದೋಷವೋ, ಕಲಸಿದ ಹದದಲ್ಲೋ, ಹೂರಣದಲ್ಲೋ ಅಥವಾ ಬೇಯಿಸಿದ ರೀತಿಯಲ್ಲೋ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಇನ್ನೊಂದು ಸಂಗತಿ: ಓದಿದ ವಿಧಾನಗಳಲ್ಲೆಲ್ಲ ಹೂರಣಕ್ಕೆ ಹಂದಿಯ ಕೊಬ್ಬು ಸೇರಿಸಬೇಕೆಂದಿದೆ. ನಾವು ಸಸ್ಯಾಹಾರಿಗಳು. ಅದರ ಬದಲು ತುಪ್ಪ ಹಾಕಿದ್ದರಿಂದಲೇ ಹೀಗಾಯಿತೇ?


ಉತ್ತರ: ಒಗ್ಗರಣೆ ಡಬ್ಬಿ, ಸರಸ್ವತಿಪುರಂ

ಸರ್, ತುಪ್ಪದ ಮೇಲೆ ಅಪವಾದ ಹೊರಿಸಬೇಡಿ. ಯಜಮಾನರ ಕೆಲಸದ ನಿಮಿತ್ತ ನಾವು ಎರಡು ವರ್ಷ ಚೀನಾದ ನಿಂಗ್‌ಬೋ ನಗರದಲ್ಲಿದ್ದೆವು. ಕರಿ ಎಳ್ಳಿನ ತಾಂಗ್‌ಯುವಾನ್‌ಗೆ ಹೆಸರಾದ ಊರೇ ಅದು. ಅಲ್ಲಿಯವರು ಹಂದಿಯ ಕೊಬ್ಬು ಬಳಸುವುದು ನಿಜವಾದರೂ, ಅದರಿಂದ ಅವರಿಗೆ ಬೇಕಾಗಿರುವುದು ಒಂದೇ ಗುಣ: ತಣ್ಣಗಿದ್ದಾಗ ಗಟ್ಟಿಯಾಗಿದ್ದು ಬಿಸಿ ತಾಗಿದಾಗ ಹರಿಯುವುದು. ಆ ಗುಣ ನಮ್ಮ ತುಪ್ಪದಲ್ಲಿಯೂ ಇದೆ. ಎಮ್ಮೆಯ ತುಪ್ಪವಾದರೆ ಇನ್ನೂ ಉತ್ತಮ. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಅದು 24 ಡಿಗ್ರಿಯ ಸುಮಾರಿಗೇ ಕರಗುವುದರಿಂದ, ಉಂಡೆ ಕಟ್ಟುವಷ್ಟರಲ್ಲಿ ಕೈಯಲ್ಲಿಯೇ ಇಳಿದುಹೋಗುತ್ತದೆ. ನಿಮ್ಮಲ್ಲಿ ಆಗಿರುವ ತಪ್ಪು ತುಪ್ಪವನ್ನು ಕರಗಿಸಿದ ಸ್ಥಿತಿಯಲ್ಲಿಯೇ ಹೂರಣವನ್ನು ಒಳಗಿಟ್ಟದ್ದು.

ನನ್ನ ಅಳತೆ ಹೀಗಿದೆ: ಕರಿ ಎಳ್ಳು 100 ಗ್ರಾಂ, ಪುಡಿ ಸಕ್ಕರೆ 70 ಗ್ರಾಂ, ತುಪ್ಪ 50 ಗ್ರಾಂ, ಒಂದು ಚಿಟಿಕೆ ಉಪ್ಪು. ಎಳ್ಳನ್ನು ಮೊದಲು ಜಾಲಿಸಿ ಕಲ್ಲು ಮಣ್ಣು ತೆಗೆದು, ನೆರಳಿನಲ್ಲಿ ಆರಿಸಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಕರಿ ಎಳ್ಳು ಹುರಿದದ್ದು ಸಾಕೋ ಬೇಕೋ ಎಂಬುದು ಬಣ್ಣದಿಂದ ತಿಳಿಯುವುದಿಲ್ಲ. ಅದಕ್ಕಾಗಿ ನಾನು ಒಂದು ಚಮಚ ಬಿಳಿ ಎಳ್ಳನ್ನು ಜೊತೆಗೆ ಬೆರೆಸುತ್ತೇನೆ, ಬಿಳಿಯದು ಹೊಂಬಣ್ಣಕ್ಕೆ ತಿರುಗಿದಾಗ ಕರಿಯದೂ ಸಿದ್ಧವಾಗಿರುತ್ತದೆ. ಒಂದು ನಿಮಿಷ ಹೆಚ್ಚಾದರೂ ಕಹಿ ಬರುತ್ತದೆ, ಆ ಕಹಿಯನ್ನು ಯಾವ ಸಕ್ಕರೆಯೂ ಮುಚ್ಚುವುದಿಲ್ಲ. ಆರಿದ ಮೇಲೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಸಕ್ಕರೆ ತುಪ್ಪ ಬೆರೆಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಗಟ್ಟಿಯಾದ ಮೇಲೆ ಗೋಲಿ ಗಾತ್ರದ, ಅಂದರೆ ಸುಮಾರು 8 ಗ್ರಾಂ ತೂಗುವ ಉಂಡೆಗಳನ್ನು ಮಾಡಿ, ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿಡಿ. ಹೂರಣ ಕಲ್ಲಿನಂತಾಗದೆ ಕಟ್ಟುವ ಕೆಲಸಕ್ಕೆ ಕೈ ಹಾಕಬಾರದು. ಹೋಳಿಗೆಗೆ ಹೂರಣ ಮೆತ್ತಗಿರಬೇಕು, ಇಲ್ಲಿ ಅದಕ್ಕೆ ತದ್ವಿರುದ್ಧ.

ಕನಕಕ್ಕೆ 200 ಗ್ರಾಂ ಅಂಟಕ್ಕಿ ಹಿಟ್ಟಿಗೆ 160ರಿಂದ 170 ಮಿಲಿಲೀಟರ್ ಉಗುರುಬೆಚ್ಚನೆಯ ನೀರು ಬೇಕಾಗುತ್ತದೆ. ಹಿಟ್ಟಿನಿಂದ ಹಿಟ್ಟಿಗೆ ನೀರು ಕುಡಿಯುವ ಪ್ರಮಾಣ ಬೇರೆಯಾದ್ದರಿಂದ ಒಮ್ಮೆಗೇ ಸುರಿಯಬೇಡಿ. ಕಲಸಿದ ಮೇಲೆ ನಿಂಬೆಹಣ್ಣಿನಷ್ಟು ಮುದ್ದೆಯನ್ನು ಕಿತ್ತು, ಬಿಲ್ಲೆಯಂತೆ ತಟ್ಟಿ, ಕುದಿಯುವ ನೀರಿಗೆ ಹಾಕಿ ತೇಲುವವರೆಗೆ ಬೇಯಿಸಿ, ಬಿಸಿ ಇರುವಾಗಲೇ ಹಸಿ ಹಿಟ್ಟಿಗೆ ಸೇರಿಸಿ ನಾದಿ. ಮೊದಲು ಎಲ್ಲವೂ ಜಿಗುಟು ಜಿಗುಟಾಗಿ ಕೈಗೆ ಮೆತ್ತಿಕೊಂಡು, ಇದು ಕೆಟ್ಟೇ ಹೋಯಿತೆಂದು ಅನ್ನಿಸುತ್ತದೆ. ಐದು ನಿಮಿಷ ಬಿಡದೆ ನಾದಿದರೆ ಹಿಟ್ಟು ಪಾತ್ರೆಯ ಅಂಚನ್ನು ತಾನೇ ಬಿಟ್ಟು ಬೆಣ್ಣೆಯ ಮುದ್ದೆಯಂತೆ ನುಣ್ಣಗಾಗುತ್ತದೆ. ಈ ಬೆಂದ ತುಣುಕೇ ಹಸಿ ಹಿಟ್ಟನ್ನು ಹಿಡಿದಿಡುವ ಅಂಟು. ಇದಿಲ್ಲದೆ ಬರೀ ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಬಟ್ಟಲು ಮಾಡುವಾಗಲೇ ಅಂಚಿನಲ್ಲಿ ಸೀಳುತ್ತದೆ. ಹಾಗೆಂದು ಕಡುಬಿನಂತೆ ಹಿಟ್ಟನ್ನೆಲ್ಲ ಎಸರಿಗೆ ಹಾಕಿ ತೊಳೆಸಿದರೆ ಮುದ್ದೆ ಅಂಟಾಗಿ ಕೈಯಿಂದ ಬಿಡಿಸಿಕೊಳ್ಳುವುದೇ ಕಷ್ಟವಾಗುತ್ತದೆ.

ಕಟ್ಟುವಾಗ 16 ಗ್ರಾಂ ಕನಕಕ್ಕೆ 8 ಗ್ರಾಂ ಹೂರಣ. ಹೆಬ್ಬೆರಳಿನಿಂದ ಬಟ್ಟಲು ಮಾಡಿ, ತಳವನ್ನು ಸ್ವಲ್ಪ ದಪ್ಪವಾಗಿಯೇ ಬಿಟ್ಟು, ಹೂರಣವಿಟ್ಟು, ಒಳಗೆ ಗಾಳಿ ಉಳಿಯದಂತೆ ಒತ್ತುತ್ತ ಬಾಯಿ ಮುಚ್ಚಬೇಕು. ಒಳಗೆ ಉಳಿದ ಗಾಳಿ ಕುದಿಯಲ್ಲಿ ಉಬ್ಬಿ ದಾರಿ ಹುಡುಕುತ್ತದೆ, ಆ ದಾರಿಯಲ್ಲಿಯೇ ಎಳ್ಳೂ ಹೊರಡುತ್ತದೆ. ಅಂಚಿಗೆ ತುಪ್ಪವೋ ಎಳ್ಳಿನ ಪುಡಿಯೋ ತಾಗಿದ್ದರೆ ಆ ಜಾಗ ಎಷ್ಟು ಒತ್ತಿದರೂ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ಒದ್ದೆ ಬಟ್ಟೆಯೊಂದಿರಲಿ, ಪ್ರತಿ ಉಂಡೆಗೂ ಬೆರಳು ಒರೆಸಿಕೊಳ್ಳಿ.

ಬೇಯಿಸುವುದು ಅಗಲವಾದ ಪಾತ್ರೆಯಲ್ಲಿ, ಬೇಕಾದಷ್ಟು ನೀರಿನಲ್ಲಿ. ನೀರು ಕುದಿ ಬಂದ ಮೇಲೆ ಉಂಡೆಗಳನ್ನು ಒಂದೊಂದಾಗಿ ಬಿಟ್ಟು, ಸೌಟಿನ ಬೆನ್ನಿನಿಂದ ನೀರನ್ನು ಒಂದೇ ದಿಕ್ಕಿಗೆ ಮೆಲ್ಲಗೆ ತಳ್ಳಿದರೆ ತಳ ಹಿಡಿಯುವುದಿಲ್ಲ. ಮತ್ತೆ ಕುದಿ ಏಳುತ್ತಿದ್ದಂತೆ ಅರ್ಧ ಲೋಟ ತಣ್ಣೀರು ಹಾಕಿ ಕುದಿಯನ್ನು ಅಡಗಿಸಿ. ಹೀಗೆ ಎರಡು ಸಲ. ಹೊರಪದರ ಕದಡಿಹೋಗದೆ ಒಳಗಿನವರೆಗೆ ಬೇಯಲು ಇದು ಅಲ್ಲಿಯ ಮನೆಮನೆಯ ಉಪಾಯ. ತೇಲಿದ ಮೇಲೆ ಇನ್ನೆರಡು ನಿಮಿಷ ಬಿಟ್ಟು ಜಾಲರಿ ಸೌಟಿನಲ್ಲಿ ತೆಗೆದು, ಬೇರೆಯಾಗಿ ಕಾಯಿಸಿದ ಶುಂಠಿ ಸಕ್ಕರೆಯ ತಿಳಿಗೆ ಹಾಕಿ. ಬೇಯಿಸಿದ ನೀರಿನಲ್ಲಿಯೇ ಸಕ್ಕರೆ ಹಾಕಿದರೆ ತಿಳಿ ಗಂಜಿಯಂತೆ ಮಬ್ಬಾಗುತ್ತದೆ.

ಚೀನಾದ ಉತ್ತರ ಭಾಗದಲ್ಲಿ ಕಟ್ಟುವ ಕ್ರಮವೇ ಬೇರೆ. ಗಟ್ಟಿ ಹೂರಣದ ತುಣುಕುಗಳನ್ನು ನೀರಿನಲ್ಲಿ ಅದ್ದಿ, ಬಿದಿರಿನ ಬುಟ್ಟಿಯಲ್ಲಿ ಒಣಹಿಟ್ಟಿನ ಮೇಲೆ ಉರುಳಿಸಿ, ಮತ್ತೆ ಅದ್ದಿ, ಮತ್ತೆ ಉರುಳಿಸಿ ಪದರ ಬೆಳೆಸುತ್ತಾರೆ. ಅದಕ್ಕೆ ಯುವಾನ್‌ಶಿಯಾವ್ ಎಂದು ಹೆಸರು, ಅವರ ವರ್ಷದ ಮೊದಲ ಹುಣ್ಣಿಮೆಯ ದೀಪದ ಹಬ್ಬಕ್ಕೆ ತಿನ್ನುತ್ತಾರೆ. ನಮ್ಮ ಸಂಕ್ರಾಂತಿಯ ಕುಸುರೆಳ್ಳಿಗೆ ಪಾಕ ಹತ್ತಿಸಿದ್ದನ್ನು ಕಂಡವರಿಗೆ ಅದು ಹೊಸದೆನಿಸದು. ಮನೆಯಲ್ಲಿ ಮಾತ್ರ ಆ ಸಾಹಸ ಬೇಡ, ಅಡುಗೆಮನೆಯೆಲ್ಲ ಹಿಟ್ಟಾಗುತ್ತದೆ.


ಉತ್ತರ: ಹಿಟ್ಟಿನ ಲೆಕ್ಕ, ಯಾದವಗಿರಿ

ಮೇಲಿನವರು ಕೈಗೆಲಸವನ್ನು ಚೆನ್ನಾಗಿ ವಿವರಿಸಿದ್ದಾರೆ. ನನ್ನ ಅನುಮಾನವಿರುವುದು ನಿಮ್ಮ ಪೊಟ್ಟಣದ ಮೇಲೆ. ಆರಿದ ಮೇಲೆ ಕಲ್ಲಾಯಿತು ಎಂದಿರಲ್ಲ, ಆ ಒಂದು ಮಾತೇ ಅದು ಅಂಟಕ್ಕಿಯಲ್ಲ ಎಂದು ಹೇಳುತ್ತಿದೆ.

ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆಯಿದೆ. ಒಂದು ಅಮೈಲೋಸ್, ನೇರವಾದ ದಾರದಂಥದ್ದು. ಇನ್ನೊಂದು ಅಮೈಲೋಪೆಕ್ಟಿನ್, ಕವಲೊಡೆದ ಪೊದೆಯಂಥದ್ದು. ನಾವು ದಿನವೂ ಉಣ್ಣುವ ಅಕ್ಕಿಗಳಲ್ಲಿ ಅಮೈಲೋಸ್ ಸಾಮಾನ್ಯವಾಗಿ ಶೇಕಡಾ 15ರಿಂದ 30ರಷ್ಟಿರುತ್ತದೆ. ಬೆಂದ ಹಿಟ್ಟು ಆರುವಾಗ ಈ ದಾರಗಳು ಒಂದರ ಪಕ್ಕ ಒಂದು ಸಾಲಾಗಿ ಕೂಡಿಕೊಂಡು ಬಿಗಿಯುತ್ತವೆ. ಬೆಳಗಿನ ಕಡುಬು ಸಂಜೆಗೆ ಬಿರುಸಾಗುವುದೂ, ಫ್ರಿಜ್ಜಿನಲ್ಲಿಟ್ಟ ಅನ್ನ ಉದುರುದುರಾಗುವುದೂ ಮುಖ್ಯವಾಗಿ ಇದರಿಂದಲೇ. ಅಂಟಕ್ಕಿಯಲ್ಲಿ ಅಮೈಲೋಸ್ ತಯಾರಿಸುವ ಜೀನ್ ಕೆಲಸ ಮಾಡುವುದಿಲ್ಲವಾದ್ದರಿಂದ ಅದರ ಪ್ರಮಾಣ ಶೇಕಡಾ 2ಕ್ಕಿಂತ ಕಡಿಮೆ, ಉಳಿದದ್ದೆಲ್ಲ ಕವಲೊಡೆದ ಪಿಷ್ಟ. ಅದು ನೀರನ್ನು ಹಿಡಿದಿಟ್ಟುಕೊಂಡು ಹಿಗ್ಗುತ್ತದೆ, ಆರಿದರೂ ಬೇಗ ಗಟ್ಟಿಯಾಗುವುದಿಲ್ಲ. ಗ್ಲುಟಿನಸ್ ಎಂಬ ಹೆಸರನ್ನು ಕಂಡು ಇದರಲ್ಲಿ ಗೋಧಿಯ ಗ್ಲುಟೆನ್ ಇದೆಯೆಂದು ಹಲವರು ಭಾವಿಸುತ್ತಾರೆ. ಯಾವ ಅಕ್ಕಿಯಲ್ಲಿಯೂ ಅದಿಲ್ಲ. ಆ ಹೆಸರಿಗೆ ಅಂಟುವಂಥದ್ದು ಎಂದಷ್ಟೇ ಅರ್ಥ.

ಅನ್ನ ಮೆತ್ತಗಾಗುವ ಅಕ್ಕಿಯೆಲ್ಲ ಅಂಟಕ್ಕಿಯಲ್ಲ ಎಂಬುದನ್ನೂ ಗಮನಿಸಬೇಕು. ರಾಜಮುಡಿಯ ಅನ್ನ ಎಷ್ಟೇ ಮೃದುವಾಗಿದ್ದರೂ ಅದು ಸಾಮಾನ್ಯ ಅಕ್ಕಿಯೇ; ಕನ್ನಂಬಾಡಿಯ ನಾಲೆ ನೀರಿನಲ್ಲಿ ಬೆಳೆಯುವ ಜಯ, ಜ್ಯೋತಿ, ಐ.ಆರ್. 64 ಇವೆಲ್ಲವೂ ಹಾಗೆಯೇ. ಭಾರತದಲ್ಲಿ ಅಂಟಕ್ಕಿ ಬೇಕೆಂದರೆ ಈಶಾನ್ಯದ ಕಡೆ ನೋಡಬೇಕು. ಅಸ್ಸಾಮಿನ ಬೋರಾ ಸಾಉಲ್ ಅಂಥದ್ದು, ಬಿಹುವಿನ ಪಿಠಾಗಳಿಗೆ ಅದೇ ಆಗಬೇಕು. 2020ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಮಣಿಪುರದ ಚಾಕ್‌ಹಾವೋ ಎಂಬ ಪರಿಮಳದ ಕಪ್ಪಕ್ಕಿಯೂ ಅಂಟುವ ಜಾತಿಯದೇ, ಆದರೆ ತವಡು ಸಮೇತ ಬೀಸುವುದರಿಂದ ಉಂಡೆ ನೇರಳೆಯಾಗಿ ಸ್ವಲ್ಪ ತರಿಯಾಗಿ ಬರುತ್ತದೆ. ಆನ್‌ಲೈನಿನಲ್ಲಿ ಸಿಗುವ ಥಾಯ್ಲೆಂಡಿನ ಎರವಾನ್ ಹಿಟ್ಟನ್ನು ತರಿಸುವುದಾದರೆ ಹಸಿರು ಮುದ್ರಣದ ಪೊಟ್ಟಣವನ್ನೇ ಆರಿಸಿ. ಕೆಂಪು ಮುದ್ರಣದ್ದು ಸಾಮಾನ್ಯ ಅಕ್ಕಿ ಹಿಟ್ಟು. ನಾನೇ ಒಮ್ಮೆ ಅವಸರದಲ್ಲಿ ಕೆಂಪನ್ನು ತರಿಸಿ, ಕೊನೆಗೆ ಅದರಲ್ಲಿ ಒತ್ತುಶಾವಿಗೆ ಮಾಡಿ ಮುಗಿಸಿದ್ದೇನೆ.

ಮನೆಯಲ್ಲಿಯೇ ಪರೀಕ್ಷಿಸುವ ಸುಲಭ ಉಪಾಯವೊಂದಿದೆ. ಒಂದು ಚಮಚ ಹಿಟ್ಟನ್ನು ಅರ್ಧ ಲೋಟ ನೀರಿನಲ್ಲಿ ಕದಡಿ, ಗಂಜಿಯಂತೆ ಕಾಯಿಸಿ, ಪೂರ್ತಿ ಆರಲು ಬಿಡಿ. ಬಿಸಿಯಲ್ಲಿ ಬಣ್ಣ ನಿಲ್ಲುವುದಿಲ್ಲ. ಔಷಧದಂಗಡಿಯ ಟಿಂಚರ್ ಅಯೋಡಿನ್ನನ್ನು ನೀರಿಗೆ ಬೆರೆಸಿ ತಿಳಿ ಟೀ ಬಣ್ಣಕ್ಕೆ ತಂದು, ಎರಡು ಮೂರು ಹನಿ ಗಂಜಿಗೆ ಬಿಡಿ. ಸಾಮಾನ್ಯ ಅಕ್ಕಿಯಾದರೆ ಮಸಿಯಂಥ ಕಡುನೀಲಿ. ಅಪ್ಪಟ ಅಂಟಕ್ಕಿಯಾದರೆ ಕೆಂಪು ಮಿಶ್ರಿತ ಕಂದು. ಬೆರಕೆಯಿದ್ದರೂ ನೀಲಿಯೇ ಮೇಲುಗೈಯಾಗುತ್ತದೆ. ಆ ಗಂಜಿಯನ್ನು ಚೆಲ್ಲಿಬಿಡಿ, ಹಸುವಿಗೂ ಇಡಬೇಡಿ. ಇಡೀ ಅಕ್ಕಿಯಾಗಿ ಕೊಳ್ಳುವುದಾದರೆ ಕಣ್ಣಿಗೇ ತಿಳಿಯುತ್ತದೆ: ಬೆಳಕಿಗೆ ಹಿಡಿದರೆ ಸೋನಾ ಮಸೂರಿಯ ಕಾಳು ಗಾಜಿನಂತೆ ಅರೆಪಾರದರ್ಶಕವಾಗಿಯೂ, ಅಂಟಕ್ಕಿಯ ಕಾಳು ಸೀಮೆಸುಣ್ಣದಂತೆ ಅಚ್ಚಬಿಳಿಯಾಗಿಯೂ ಕಾಣುತ್ತದೆ.


ಪ್ರಶ್ನೆ ಕೇಳಿದವರು: ನಿವೃತ್ತ ಗುಮಾಸ್ತ, ಕುವೆಂಪುನಗರ

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಟಿಂಚರ್ ತಂದು ಪರೀಕ್ಷಿಸಿದೆ. ಡಬ್ಬಿಯಲ್ಲಿ ಉಳಿದಿದ್ದ ಆ ಹಿಟ್ಟಿನ ಗಂಜಿಗೆ ಎರಡು ಹನಿ ಬಿಟ್ಟ ಕೂಡಲೇ ಇಂಕು ಚೆಲ್ಲಿದ ಹಾಗೆ ನೀಲಿಯಾಯಿತು. ಪಕ್ಕದಲ್ಲಿ ನಮ್ಮ ಸೋನಾ ಮಸೂರಿಯ ಗಂಜಿಯನ್ನೂ ಇಟ್ಟುಕೊಂಡಿದ್ದೆ. ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಕಡುಬಿನ ಹಿಟ್ಟಿಗೆ ನಾಲ್ಕು ಪಟ್ಟು ಬೆಲೆ ಕೊಟ್ಟು ತಂದಿದ್ದೆನೆಂದು ಗೊತ್ತಾಗಿ, ಶ್ರೀಮತಿ ನಿನ್ನೆಯಿಂದ ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿದ್ದಾಳೆ.

ಹಸಿರು ಪೊಟ್ಟಣಕ್ಕೆ ಹೇಳಿಯಾಗಿದೆ. ಈಗ ಉಳಿದಿರುವ ಗೊಂದಲ ಬೆಲ್ಲದ್ದು. ಅಳತೆ ಕೊಟ್ಟವರು ಸಕ್ಕರೆಯೆಂದಿದ್ದಾರೆ. ಎಳ್ಳಿಗೆ ಬೆಲ್ಲವಲ್ಲದೆ ಸಕ್ಕರೆ ಹಾಕಲು ನಮ್ಮ ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ಬೆಲ್ಲ ಹಾಕಿದರೆ ಹೂರಣ ನೀರೊಡೆಯುವುದನ್ನು ತಡೆಯುವ ದಾರಿಯಿದೆಯೇ?


ಉತ್ತರ: ಆಲೆಮನೆ, ಪಾಂಡವಪುರ

ಹಿರಿಯರೇ, ಬೆಲ್ಲದ ಮಾತು ಬಂದಿದ್ದರಿಂದ ಮಂಡ್ಯದವನಾಗಿ ಸುಮ್ಮನಿರಲಾಗಲಿಲ್ಲ.

ನಾಗರಪಂಚಮಿಗೆ ತಂಬಿಟ್ಟಿನ ಜೊತೆಗೆ ಮಾಡುವ ಚಿಗಳಿಯನ್ನು ನೀವು ಬಲ್ಲಿರಿ. ನಿಮಗೆ ಬೇಕಾದ ಹೂರಣ ಅದೇ. ಚಿಗಳಿಗೆ ಯಾರೂ ತುಪ್ಪ ಹಾಕುವುದಿಲ್ಲ, ಆದರೂ ಉಂಡೆ ಕೂರುತ್ತದೆ, ಏಕೆಂದರೆ ಎಳ್ಳಿನ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ. ಹುರಿದ ಎಳ್ಳನ್ನು ಬೆಲ್ಲದೊಡನೆ ಒರಳಿನಲ್ಲಿ ಹಾಕಿ ಕುಟ್ಟುತ್ತ ಹೋದರೆ, ಮೊದಲು ಪುಡಿಪುಡಿಯಾಗಿದ್ದದ್ದು ಒಂದು ಹಂತದಲ್ಲಿ ಒನಕೆಗೆ ಅಂಟಲಾರಂಭಿಸಿ, ಮೇಲೆ ಎಣ್ಣೆಯ ಹೊಳಪು ಕಾಣುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನಮ್ಮ ಅಜ್ಜಿ ಒಂದು ಚಿಟಿಕೆಯನ್ನು ಎತ್ತಿ ಬೆರಳ ನಡುವೆ ಹೊಸಕಿ, ಬೆರಳಚ್ಚಿನ ಗೆರೆ ಮೂಡಿದರೆ ಸಾಕು ಎನ್ನುತ್ತಿದ್ದರು. ಮಿಕ್ಸಿಯಲ್ಲಿಯೂ ಆಗುತ್ತದೆ, ಆದರೆ ಜಾರು ಬಿಸಿಯಾದಂತೆ ಬೆಲ್ಲ ಕರಗಿ ಲೇಹ್ಯವಾಗುವುದರಿಂದ ನಾಲ್ಕು ಸುತ್ತು ತಿರುಗಿಸಿ, ಆರಲು ಬಿಟ್ಟು, ಮತ್ತೆ ನಾಲ್ಕು ಸುತ್ತು ತಿರುಗಿಸಬೇಕಾಗುತ್ತದೆ. ತಾಂಗ್‌ಯುವಾನ್‌ಗೆ ಹೂರಣ ಹರಿಯಬೇಕಾಗಿರುವುದರಿಂದ ಚಿಗಳಿಗೆ ಒಂದೆರಡು ಚಮಚ ತುಪ್ಪವನ್ನು ಸೇರಿಸಿಕೊಳ್ಳಿ, 50 ಗ್ರಾಂ ಬೇಕಾಗದು.

ನೀರೊಡೆಯುವುದಕ್ಕೆ ಕಾರಣ ಬೆಲ್ಲದಲ್ಲಿರುವ ತೇವ. ಸಕ್ಕರೆ ಒಣ ಹರಳು. ಬೆಲ್ಲ ತನ್ನೊಳಗೂ ನೀರನ್ನು ಇಟ್ಟುಕೊಂಡಿರುತ್ತದೆ, ಗಾಳಿಯಲ್ಲಿರುವುದನ್ನೂ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಂತೂ ಡಬ್ಬಿಯಲ್ಲಿಯೇ ಬೆವರುತ್ತದೆ. ಆದ್ದರಿಂದ ಆಲೆಮನೆಯಿಂದ ಆಗತಾನೆ ಬಂದ ಮೆದು ಬೆಲ್ಲವನ್ನು ಬಿಟ್ಟು, ಕುಟ್ಟಿದರೆ ಠಣ್ಣೆನ್ನುವ ಅಚ್ಚುಬೆಲ್ಲವನ್ನು ಆರಿಸಿ, ತುರಿದು, ಬಿಸಿಲಿಗೆ ಅರ್ಧ ಗಂಟೆ ಹರಡಿ ಬಳಸಿ. ಒಂದು ಚಮಚ ಹುರಿಗಡಲೆ ಪುಡಿಯನ್ನು ಬೆರೆಸಿದರೆ ಮಿಕ್ಕ ತೇವವನ್ನು ಅದು ಹೀರಿಕೊಳ್ಳುತ್ತದೆ. ಬಣ್ಣಕ್ಕೆ ಮರುಳಾಗಬೇಡಿ. ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಬಿದ್ದಿರುವ ಸಂಭವವೇ ಹೆಚ್ಚು. ಕಂದು ಬೆಲ್ಲವೇ ಎಳ್ಳಿಗೆ ಒಪ್ಪುವುದು, ಹೇಗಿದ್ದರೂ ಹೂರಣ ಕಪ್ಪೇ. ಶುಂಠಿಯ ತಿಳಿಗೂ ಅದೇ ಬೆಲ್ಲವನ್ನು ಹಾಕಿ, ಎರಡು ಬೆರಳುದ್ದ ಶುಂಠಿಯನ್ನು ಜಜ್ಜಿ ಹತ್ತು ನಿಮಿಷ ಕುದಿಸಿ, ಬೆಲ್ಲದ ಕಸ ತೆಗೆಯಲು ಒಮ್ಮೆ ಸೋಸಿಬಿಡಿ.

ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ಇದೇ ಹಿಟ್ಟಿನಲ್ಲಿ ಇಂಡೋನೇಷ್ಯಾದ ಜಾವಾದವರು ಕ್ಲೆಪೋನ್ ಎಂಬ ಉಂಡೆಯನ್ನು ಮಾಡುತ್ತಾರೆ. ಅದರೊಳಗೆ ಹೂರಣವೇ ಇಲ್ಲ, ತಾಳೆ ಜಾತಿಯ ಮರದ ಬೆಲ್ಲದ ಒಂದು ಚೂರಷ್ಟೇ. ಹಿಟ್ಟಿಗೆ ಪಂದನ್ ಎಲೆಯ ರಸ ಬೆರೆಸಿ ಹಸಿರು ಮಾಡಿ, ಬೇಯಿಸಿ, ಉಪ್ಪು ಸೋಕಿಸಿದ ತೆಂಗಿನ ತುರಿಯಲ್ಲಿ ಹೊರಳಿಸುತ್ತಾರೆ. ಒಳಗಿನ ಬೆಲ್ಲ ಪೂರ್ತಿ ಪಾಕವಾಗಿರುವುದರಿಂದ ಕಚ್ಚಬಾರದು, ಇಡಿಯಾಗಿ ಬಾಯಿಗೆ ಹಾಕಿಕೊಂಡು ಬಾಯಿ ಮುಚ್ಚಿಯೇ ಅಗಿಯಬೇಕು, ಇಲ್ಲವಾದರೆ ಎದುರು ಕುಳಿತವರ ಅಂಗಿ ಹಾಳು. ನಾನು ಕಡಲೆಬೀಜದಷ್ಟು ಅಚ್ಚುಬೆಲ್ಲದ ಚೂರುಗಳನ್ನಿಟ್ಟು ಮಾಡಿದ್ದೇನೆ. ನನ್ನ ಮಟ್ಟಿಗೆ, ಮಂಡ್ಯದ ಬೆಲ್ಲಕ್ಕೂ ಕಾಯಿತುರಿಗೂ ತಾಂಗ್‌ಯುವಾನ್‌ಗಿಂತ ಇದೇ ಹೆಚ್ಚು ಹೊಂದುತ್ತದೆ. ಎಳ್ಳು ಹುರಿಯುವ, ಹೂರಣ ಹೆಪ್ಪುಗಟ್ಟಿಸುವ ಕೆಲಸವೂ ತಪ್ಪುತ್ತದೆ.


ಉತ್ತರ: ಒಂದು ಎಚ್ಚರಿಕೆ, ಶ್ರೀರಂಗಪಟ್ಟಣ

ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳಾದ್ದರಿಂದ ಇದನ್ನು ಹೇಳಲೇಬೇಕಾಗಿದೆ. ಮನೆಯಲ್ಲಿ ಮೊಮ್ಮಗುವೂ ಹಿರಿಯರೂ ಇರುತ್ತಾರೆ. ಅಂಟಕ್ಕಿಯ ಉಂಡೆ ನಮ್ಮ ರಾಗಿಮುದ್ದೆಯಂತೆ ನುಂಗುವ ಪದಾರ್ಥವಲ್ಲ, ಮತ್ತು ಮಂಡ್ಯ ಮೈಸೂರಿನ ನಾವು ಉಂಡೆ ಕಂಡರೆ ನುಂಗುವ ಅಭ್ಯಾಸದವರು. ಜಪಾನಿನಲ್ಲಿ ಹೊಸವರ್ಷಕ್ಕೆ ತಿನ್ನುವ ಮೋಚಿ ಎಂಬ ಇಂಥದೇ ತಿನಿಸು ಗಂಟಲಿಗೆ ಸಿಕ್ಕಿ ವಯಸ್ಸಾದವರು ಸಾಯುವ ಪ್ರಸಂಗಗಳು ನಡೆಯುವುದರಿಂದ, ಅಲ್ಲಿಯ ಅಗ್ನಿಶಾಮಕ ಇಲಾಖೆಯವರು ಪ್ರತಿವರ್ಷವೂ ಎಚ್ಚರಿಕೆ ನೀಡುತ್ತಾರೆ. ಕಟ್ಟುಹಲ್ಲು ಇರುವವರಿಗೂ ಚಿಕ್ಕ ಮಕ್ಕಳಿಗೂ ಉಂಡೆಯನ್ನು ಕತ್ತರಿಯಲ್ಲಿ ನಾಲ್ಕು ಚೂರು ಮಾಡಿ, ಪಕ್ಕದಲ್ಲಿ ಕುಳಿತು ತಿನ್ನಿಸಿ. ಹೊರಗೆ ಬೆಚ್ಚಗಿದ್ದರೂ ಒಳಗಿನ ತುಪ್ಪ ಬೆಲ್ಲ ನಾಲಿಗೆ ಸುಡುವಷ್ಟು ಕಾದಿರುತ್ತದೆ. ಬಡಿಸಿ ಐದು ನಿಮಿಷ ಬಿಡಿ. ಕ್ಲೆಪೋನನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳಿ ಎಂಬ ಮಾತು ಏಳು ವರ್ಷದವನಿಗಂತೂ ಅನ್ವಯಿಸಬಾರದು.


ಪ್ರಶ್ನೆ ಕೇಳಿದವರು: ನಿವೃತ್ತ ಗುಮಾಸ್ತ, ಕುವೆಂಪುನಗರ

ಹಸಿರು ಪೊಟ್ಟಣ ಬಂದಿತು. ಮೊದಲು ಟಿಂಚರ್ ಪರೀಕ್ಷೆಯನ್ನೇ ಮಾಡಿದೆ. ಗಂಜಿ ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಹಿಟ್ಟು ಕೈಗೆ ಹಿಡಿದಾಗಲೇ ಬೇರೆಯೆನಿಸಿತು, ಟಾಲ್ಕಂ ಪುಡಿಯಷ್ಟು ನಯ. 200 ಗ್ರಾಂಗೆ 165 ಮಿಲಿಲೀಟರ್ ನೀರು ಹಿಡಿಯಿತು. ಬೆಂದ ಬಿಲ್ಲೆಯನ್ನು ಸೇರಿಸಿ ನಾದುವಾಗ ಎರಡನೆಯ ನಿಮಿಷದಲ್ಲಿ, ಹೇಳಿದ್ದ ಹಾಗೆಯೇ, ಎಲ್ಲವೂ ಕೆಟ್ಟಿತೆಂದು ಕೈಬಿಡುವವರಿದ್ದೆವು. ಆಮೇಲೆ ಅದು ತಾನಾಗಿಯೇ ಪಾತ್ರೆಯನ್ನು ಬಿಟ್ಟಿತು.

ಹೂರಣಕ್ಕೆ ಚಿಗಳಿಯನ್ನೇ ಮಾಡಿದೆವು. ಒರಳು ಹಿತ್ತಲಿನಲ್ಲಿ ಗಿಡದ ಕುಂಡಕ್ಕೆ ಆಸರೆಯಾಗಿತ್ತು, ಅದನ್ನು ತೊಳೆದು ತರುವುದಕ್ಕೇ ಒಂದು ಬೆಳಗು ಹೋಯಿತು. ಒಟ್ಟು 22 ಉಂಡೆಗಳಾದವು. ಹತ್ತನ್ನು ಅಂದೇ ಬೇಯಿಸಿದೆವು, ಒಂದು ಮಾತ್ರ ಬಾಯಿ ಬಿಟ್ಟಿತು. ಅದು ನಾನು ಕಟ್ಟಿದ್ದು, ಅಂಚಿಗೆ ಎಳ್ಳು ತಾಗಿದ್ದನ್ನು ಕಂಡೂ ಒರೆಸದೆ ಬಿಟ್ಟಿದ್ದೆ. ಎರಡು ಉಂಡೆಗಳನ್ನು ಬೇಕೆಂದೇ ತಿಳಿಯಲ್ಲಿ ರಾತ್ರಿಯವರೆಗೆ ಇಟ್ಟು ನೋಡಿದೆ. ಕೊಂಚ ಊದಿಕೊಂಡಿದ್ದವು, ಗಟ್ಟಿಯಾಗಿರಲಿಲ್ಲ. ರುಚಿ ಸಿಂಗಪುರದ್ದರ ಹಾಗಿಲ್ಲ, ಬೆಲ್ಲದಿಂದಾಗಿ ಬೇರೆಯೇ ಆಗಿದೆ. ನನಗೆ ಇದೇ ಹಿಡಿಸಿತು, ಶ್ರೀಮತಿಗೆ ಶುಂಠಿ ಹೆಚ್ಚಾಯಿತಂತೆ.

ಉಳಿದ 12 ಫ್ರೀಜರಿನಲ್ಲಿವೆ. ಇಂದು ಬೆಳಿಗ್ಗೆ ನೋಡಿದರೆ ಮೂರರ ಮೇಲೆ ಕೂದಲೆಳೆಯಂಥ ಬಿರುಕು ಕಾಣಿಸುತ್ತಿದೆ. ಮೊಮ್ಮಗ ಬರಲು ಇನ್ನೂ 9 ದಿನಗಳಿವೆ. ಅಲ್ಲಿಯವರೆಗೆ ಇಡಬಹುದೇ?


ಉತ್ತರ: ಒಗ್ಗರಣೆ ಡಬ್ಬಿ, ಸರಸ್ವತಿಪುರಂ

ಇಡಬಹುದು ಸರ್. ಫ್ರೀಜರಿನ ಒಣಗಾಳಿಗೆ ಮೇಲ್ಮೈ ಒಣಗಿ ಬಿರುಕು ಬಿಟ್ಟಿದೆ. ಈಗಲೇ ಮುಚ್ಚಳವಿರುವ ಡಬ್ಬಿಗೆ ಹಾಕಿ, ಸಾಲುಗಳ ನಡುವೆ ಪ್ಲಾಸ್ಟಿಕ್ ಹಾಳೆಯಿಡಿ. ಬೇಯಿಸುವ ದಿನ ಹೊರಗಿಟ್ಟು ಕರಗಿಸಬೇಡಿ, ಕರಗಿದರೆ ಮೈ ಬೆವರಿ ಒಂದಕ್ಕೊಂದು ಅಂಟಿಕೊಂಡು ಚಪ್ಪಟೆಯಾಗುತ್ತವೆ. ಫ್ರೀಜರಿನಿಂದ ನೇರವಾಗಿ ಕುದಿನೀರಿಗೆ ಬಿಟ್ಟು, ತಣ್ಣೀರು ಹಾಕುವುದನ್ನು ಎರಡರ ಬದಲು ಮೂರು ಸಲ ಮಾಡಿ. ಬಿರುಕು ಬಿಟ್ಟ ಆ ಮೂರನ್ನು ಮಾತ್ರ ಒದ್ದೆ ಬೆರಳಿನಿಂದ ಸವರಿ, ಬೇರೆ ಚಿಕ್ಕ ಪಾತ್ರೆಯಲ್ಲಿ ಬೇಯಿಸಿ, ಒಡೆದರೂ ಉಳಿದವುಗಳ ನೀರು ಕಪ್ಪಾಗದು. ಅವು ನಿಮ್ಮ ಪಾಲಿಗಿರಲಿ.